ಮುಚ್ಚಿಡತಕ್ಕುದು ಯಾವುದು?

ನಮ್ಮ ಪೂರ್ವಿಕರು ಕೆಲವು ರೋಗಗಳನ್ನು ಗುಹ್ಯರೋಗಗಳೆಂದು ಕರೆದರು. ಗುಹ್ಯವೆಂದರೆ ಮರೆಯಲ್ಲಿಡತಕ್ಕುದು. ದೇಹದ ಮರೆಯಾದ ಅವಯವಗಳಿಗೆ ತಗಲುವ ರೋಗವೆಂಬಷ್ಟೇ ಅರ್ಥದಲ್ಲಿ ಹುಟ್ಟಿದ ಈ ಹೆಸರು ಕಾಲಕ್ರಮದಲ್ಲಿ ಬೇರೊಂದು ಅರ್ಥದ ಭಾರವನ್ನೂ ಹೊತ್ತಿತು. ಅವಯವವು ಗುಹ್ಯವಾದುದರಿಂದ ರೋಗವೂ ಗುಹ್ಯವಾಯಿತು; ರೋಗವು ಗುಹ್ಯವಾದುದರಿಂದ ಅದರ ವಿಚಾರವೂ ಗುಹ್ಯವಾಯಿತು; ವಿಚಾರವು ಗುಹ್ಯವಾದುದರಿಂದ ಅದು ಎಳೆಯರ ಕಿವಿಗೆ ಬೀಳಲೇ ಕೂಡದೆಂಬ ನಿರ್ಣಯವೂ ಆಯಿತು. ಒಂದೊಂದೇ ಮೆಟ್ಟಿಲನ್ನಿಳಿದು ಬಂದ ಈ ತರ್ಕದಲ್ಲಿ ಯಾವ ಮೆಟ್ಟಿಲು ಗಟ್ಟಿಯಾದುದು, ಯಾವುದು ಹುಸಿಯಾದುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು. ಸಭ್ಯ ಕುಟುಂಬಗಳ ಮನೆಗೆ ಹೋಗುವ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಹುಬ್ಬು ಗಂಟಿಕ್ಕುವವರು ಕೆಲವರಿರುವರೆಂಬುದನ್ನು ಬಲ್ಲೆನು. ಆ ಹುಬ್ಬಿನ ಗಂಟೂ ಈ ವಿಚಾರಕ್ಕೆ ಸೇರಿದುದೇ ಆದುದರಿಂದ ಅವರೂ ದಯಮಾಡಿ ಕೊನೆಯವರೆಗೆ ಓದಬೇಕು.

ಈ ರೋಗಗಳ ಹೆಸರುಗಳ ಕಥೆಯೇ ಒಂದು ನೀತಿಶಾಸ್ತ್ರದ ಪಾಠದಂತಿದೆ. ಸುಶ್ರುತನು ಉಪದಂಶವನ್ನು ಹೇಳಿರುವನು. 16ನೆಯ ಶತಮಾನದಲ್ಲಿ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಅದಕ್ಕಿಂತ ಬೇರೆಯಾದ, ಹೊಸದಾಗಿ ಬಂದ ಒಂದು ವ್ಯಾಧಿಯನ್ನು ವರ್ಣಿಸಿ ಅದಕ್ಕೆ ಫಿರಂಗರೋಗವೆಂದು ಹೆಸರಿಟ್ಟನು. ಫಿರಂಗಿಗಳೆಂದರೆ ಪೋರ್ತುಗೀಜರು ಮೊದಲಾದ ಪಾಶ್ಚಾತ್ಯರು. ಅವರ ಸಂಸರ್ಗದಿಂದ ಬಂದುದೆಂದು ಆ ಹೆಸರು. ನಮ್ಮ ಜನರ ಬಾಯಲ್ಲಿ ಅದೇ ಪರಂಗಿ ಹುಣ್ಣಾಯಿತು. ಇತ್ತ ನಾವು ಹೀಗೆಂದರೆ ಅತ್ತ ಯುರೋಪಿನಲ್ಲಿ ಇಟಲಿಯವರು ಅದನ್ನು ಫ್ರಾನ್ಸಿನ ರೋಗವೆಂದರು. ಫ್ರಾನ್ಸಿನವರು ನೇಪಲ್ಸಿನ ರೋಗವೆಂದರು. ತನ್ನ ಮನೆಯಲ್ಲಿ ಹುಟ್ಟಿದುದೆಂದು ಒಪ್ಪಿಕೊಂಡ ದೇಶವೊಂದೂ ಇಲ್ಲ! ಈ ಚಾಳಿಯು ಇಂದಿಗೂ ಹೋಗಿಲ್ಲ. ಗುಳೆ ಹೋಗಿ ಬಂದವರು ತಂದರು, ಲಾರಿಯವರು ತಂದರು, ಪರಸ್ಥಳದವರು ಬಂದು ಊರು ಕೆಡಿಸಿದರು ಎಂಬ ಮಾತುಗಳನ್ನು ನಾವು ಕೇಳದವರಲ್ಲ. ಬೇರೆಯವರ ರೋಗವೆಂದೊಡನೆ ನಮ್ಮ ಮಕ್ಕಳಿಗೆ ಅದರ ಅರಿವು ಬೇಡವೆಂದಾಗುವುದು. ಅಲ್ಲಿಂದಲೇ ಅನರ್ಥದ ಆರಂಭವು.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನೇ ತೆಗೆದುಕೊಳ್ಳೋಣ. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಎರೆಹೊಲಗಳು ಬತ್ತದ ಗದ್ದೆಗಳಾದುವು. ಅಕ್ಕಿಯ ಗಿರಣಿಗಳು ಎದ್ದುವು. ನಾನಾ ಕಡೆಯಿಂದ ಜನ ಬಂದು ನೆಲೆಸಿದರು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಈ ಊರುಗಳನ್ನು ಜೋಡಿಸುವ ಹೆದ್ದಾರಿಯಲ್ಲಿ ಹಗಲಿರುಳೂ ವಾಹನಗಳು ಹರಿಯುವುವು. ನೀರು ಹರಿಯದ ಕಡೆಯ ಹಳ್ಳಿಗಳಿಂದ ಕುಟುಂಬಕ್ಕೆ ಕುಟುಂಬವೇ ಬೆಂಗಳೂರಿಗೋ ಗೋವೆಗೋ ಗುಳೆ ಹೋಗುವುದುಂಟು. ಅವರೊಂದಿಗೆ ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗರೂ ಹುಡುಗಿಯರೂ ಹೋಗುವರು. ಕೆಲವರು ಓದಿಗಾಗಿ ಊರು ಬಿಟ್ಟು ವಸತಿನಿಲಯಗಳಲ್ಲಿರುವರು. ಕೆಲವು ಹುಡುಗಿಯರಿಗೆ, ಕಾನೂನೆಷ್ಟು ಬೇಡವೆಂದರೂ, ಹದಿನಾರಕ್ಕೇ ಮದುವೆ ಮುಗಿದುಹೋಗಿರುವುದು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕವು ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆಯು ಮೊದಲಿಗೇ ಅಸಿಂಧು. ಆದರೆ ಚಪ್ಪರದಲ್ಲಿ ಅಕ್ಷತೆ ಬಿದ್ದ ಮೇಲೆ ಅಸಿಂಧುವೆಂಬ ಮಾತು ಹುಡುಗಿಯ ಕಿವಿಯವರೆಗೆ ಮುಟ್ಟುವುದಿಲ್ಲ. ಇವರೆಲ್ಲರ ಕೈಯಲ್ಲಿಯೂ, ಅಥವಾ ಇವರ ಗೆಳೆಯರ ಕೈಯಲ್ಲಿಯಾದರೂ, ಲೋಕದ ಸಮಸ್ತ ಚಿತ್ರಗಳನ್ನೂ ತೋರಿಸಬಲ್ಲ ಮೊಬೈಲೆಂಬ ಯಂತ್ರವೊಂದಿದೆ. ಕಾಮದ ಚಿತ್ರವನ್ನು ಅದು ಬೇಡದಿದ್ದರೂ ತೋರಿಸುವುದು. ಕಾಮದಿಂದ ಬರಬಹುದಾದ ರೋಗದ ತಿಳಿವಳಿಕೆಯನ್ನು ತಾನಾಗಿ ತೋರಿಸುವುದು ಅಪರೂಪ.

ಒಂದು ಸಂದರ್ಭವನ್ನು ಎಣಿಸಿಕೊಳ್ಳೋಣ. ಹದಿನೇಳು ವರ್ಷದ ಹುಡುಗನೊಬ್ಬನಿಗೆ ಮೂತ್ರ ಮಾಡುವಾಗ ಉರಿ, ಕೀವು. ಏನೋ ಆಗಿದೆಯೆಂದು ಅವನಿಗೆ ಗೊತ್ತು, ಏನಾಗಿದೆಯೆಂದು ಗೊತ್ತಿಲ್ಲ. ಅಪ್ಪನಿಗೆ ಹೇಳುವಂತಿಲ್ಲ, ಅವ್ವನಿಗೆ ಹೇಳುವುದಂತೂ ಊಹೆಗೂ ನಿಲುಕದ ಮಾತು. ತನ್ನೂರಿನ ಔಷಧದ ಅಂಗಡಿಯವನು ಅಪ್ಪನ ಪರಿಚಯದವನಾದುದರಿಂದ ಬಸ್ಸು ಹತ್ತಿ ಮುಂದಿನ ಊರಿಗೆ ಹೋಗುವನು. ಅಲ್ಲಿಯ ಬಸ್ ನಿಲ್ದಾಣದ ಮೂತ್ರಾಲಯದ ಗೋಡೆಯ ಮೇಲೆ ‘ಗುಪ್ತರೋಗಗಳಿಗೆ ಶರ್ತಿನ ಚಿಕಿತ್ಸೆ’ ಎಂಬ ಕಾಗದ ಅಂಟಿಸಿದೆ. ಮನೆಯೂ ಶಾಲೆಯೂ ಹೇಳದೆ ಬಿಟ್ಟುದನ್ನು ಆ ಗೋಡೆಯು ಹೇಳುತ್ತಿದೆ! ಅವನು ಅಲ್ಲಿಗೆ ಹೋಗಿ ಗೆಳೆಯರಿಂದ ಸಾಲ ತಂದ ಹಣವನ್ನು ತೆತ್ತು ಬರುವನು. ಇಲ್ಲವೆ ಅಂಗಡಿಯಲ್ಲಿ ನಾಲ್ಕು ಗುಳಿಗೆ ಕೊಂಡು, ಉರಿ ಕಡಮೆಯಾದೊಡನೆ ಎರಡನ್ನು ಬಿಸಾಡುವನು. ಉರಿ ನಿಂತಿತೆಂದರೆ ರೋಗವು ಹೋಯಿತೆಂದು ಅರ್ಥವಲ್ಲ. ಅರೆಬರೆ ಔಷಧದಿಂದ ಸಾಯದೆ ಉಳಿದ ಗೊನೋರಿಯಾದ ರೋಗಾಣುಗಳು ಆ ಔಷಧವನ್ನೇ ಸಹಿಸುವ ಶಕ್ತಿಯನ್ನು ಪಡೆಯುವುವು. ಹೀಗೆ ಒಂದಾದ ಮೇಲೊಂದು ಔಷಧವು ಸೋತುಹೋಗುತ್ತಿರುವುದು ಇಂದು ಲೋಕದ ವೈದ್ಯರೆಲ್ಲರ ಚಿಂತೆಯಾಗಿದೆ. ಈ ಹುಡುಗನು ಕೆಟ್ಟವನೆನ್ನುವಿರಾ? ಇರಬಹುದು, ಇಲ್ಲದಿರಬಹುದು. ಅವನು ಒಂಟಿಯಾದವನೆಂಬುದು ಮಾತ್ರ ನಿಶ್ಚಯ.

ಹುಡುಗನಿಗೆ ಉರಿಯಾದರೂ ಬಂದು ಎಚ್ಚರಿಸಿತು. ಹುಡುಗಿಯ ಪಾಡು ಇದಕ್ಕಿಂತ ಕಷ್ಟವಾದುದು. ಗೊನೋರಿಯಾ, ಕ್ಲಮೀಡಿಯ ಎಂಬ ಸೋಂಕುಗಳು ಹೆಣ್ಣಿನ ದೇಹದಲ್ಲಿ ಬಹುಮಟ್ಟಿಗೆ ಯಾವ ಸುಳಿವನ್ನೂ ಕೊಡದೆ ಬೂದಿ ಮುಚ್ಚಿದ ಕೆಂಡದಂತಿರುವುವು. ಎಳೆಯ ವಯಸ್ಸಿನಲ್ಲಿ ಗರ್ಭಕೋಶದ ಬಾಯಿಯ ಪೊರೆಯು ಇನ್ನೂ ಬಲಿತಿರುವುದಿಲ್ಲವಾದುದರಿಂದ ಸೋಂಕು ಅವರಿಗೆ ಬೇಗ ತಗಲುವುದು. ಅದು ಮೆಲ್ಲಮೆಲ್ಲನೆ ಮೇಲೇರಿ ಗರ್ಭನಾಳಗಳಲ್ಲಿ ಗಾಯಮಾಡಿ ಅವುಗಳನ್ನು ಮುಚ್ಚಿಬಿಡುವುದು. ಐದಾರು ವರ್ಷಗಳ ತರುವಾಯ ಮಕ್ಕಳಾಗಲಿಲ್ಲವೆಂದು ಅತ್ತೆಯ ಮನೆಯವರು ಗೊಣಗಲಾರಂಭಿಸುವರು, ಹರಕೆಗಳಾಗುವುವು, ಬಂಜೆಯೆಂಬ ಹೆಸರು ಬರುವುದು, ಕೆಲವೆಡೆ ಎರಡನೆಯ ಮದುವೆಯ ಮಾತೂ ಏಳುವುದು. ಆ ಸೋಂಕನ್ನು ಮನೆಗೆ ತಂದವನು ಪಂಚರ ನಡುವೆ ಕುಳಿತು ತಾನೇ ನೊಂದವನಂತೆ ತಲೆಯಾಡಿಸುತ್ತಿರುವನು. ಅವನಾದರೂ ಬಲ್ಲನೇ? ಬಲ್ಲವರಾರೂ ಇವರಿಬ್ಬರಿಗೂ ಹೇಳಿರಲಿಲ್ಲ.

ಇಲ್ಲಿ ನೀತಿಯ ದೊಡ್ಡ ಪ್ರಶ್ನೆಯೊಂದು ಎದ್ದು ನಿಲ್ಲುವುದು. ಗುಹ್ಯರೋಗವು ದುರ್ನಡತೆಗೆ ದೈವವು ಕೊಟ್ಟ ದಂಡನೆಯೆಂದು ಬಹುಜನರ ನಂಬಿಕೆ. ಸರ್ವ ದೇಶಗಳಲ್ಲಿಯೂ ಇದ್ದ ನಂಬಿಕೆ. ದಂಡನೆಯಾದರೆ ಅದನ್ನು ತಪ್ಪಿಸಲು ಮದ್ದನ್ನೋ ಉಪಾಯವನ್ನೋ ಹೇಳಿಕೊಡುವುದು ಅಪರಾಧಕ್ಕೆ ನೆರವಾದಂತೆ ಎಂಬುದು ಅದರ ಮುಂದಿನ ತರ್ಕ. ಆದರೆ ದಂಡನೆಯೆನಿಸಿಕೊಳ್ಳಬೇಕಾದರೆ ಅದು ತಪ್ಪು ಮಾಡಿದವನನ್ನೇ ಹುಡುಕಿಕೊಂಡು ಹೋಗಬೇಕಷ್ಟೆ. ಈ ರೋಗಾಣುವಿಗೆ ಅಂಥ ವಿವೇಕವಿಲ್ಲ. ಮನೆಯ ಹೊಸ್ತಿಲು ದಾಟದ ಪತಿವ್ರತೆಗೆ ಅದು ಗಂಡನಿಂದ ಬರುವುದು. ತಾಯಿಯ ಸಿಫಿಲಿಸ್ ಗರ್ಭದ ಕೂಸಿಗೆ ತಗಲಿ, ಕೂಸು ಸತ್ತು ಹುಟ್ಟುವುದುಂಟು, ಬದುಕಿ ಹುಟ್ಟಿದರೂ ಎಲುಬು ಹಲ್ಲುಗಳಲ್ಲಿ ಅದರ ಗುರುತನ್ನು ಹೊತ್ತಿರುವುದುಂಟು. ಗೊನೋರಿಯಾ ಇದ್ದ ತಾಯಿಯ ಮಗುವು ಹುಟ್ಟುವಾಗಲೇ ಕಣ್ಣುಗಳಿಗೆ ಸೋಂಕು ತಗಲಿಸಿಕೊಂಡು ಕುರುಡಾಗುತ್ತಿದ್ದ ಕಾಲವೊಂದಿತ್ತು. ಜರ್ಮನಿಯ ಕ್ರೆಡೆ ಎಂಬ ವೈದ್ಯನು 1880ರ ಸುಮಾರಿನಲ್ಲಿ ಹುಟ್ಟಿದ ಕೂಡಲೆ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿಯನ್ನು ಹಾಕುವ ಕ್ರಮವನ್ನು ತಂದು ಅಸಂಖ್ಯ ಮಕ್ಕಳ ದೃಷ್ಟಿಯನ್ನುಳಿಸಿದನು. ಅವನು ದೈವದಂಡನೆಗೆ ಅಡ್ಡಬಂದನೆನ್ನೋಣವೇ? ನಿರಪರಾಧಿಗಳಿಗೆ ಮದ್ದು ಕೊಡಿರಿ, ಅಪರಾಧಿಗಳಿಗೆ ಬೇಡ ಎನ್ನುವುದಾದರೆ, ಅಪರಾಧಿಗೆ ಮದ್ದಿಲ್ಲದೆ ನಿರಪರಾಧಿಯನ್ನುಳಿಸುವ ಮಾರ್ಗವೇ ಇಲ್ಲವೆಂಬುದನ್ನು ನೆನೆಯಬೇಕು. ಗಂಡನಿಗೆ ಚಿಕಿತ್ಸೆಯಾಗದೆ ಹೆಂಡತಿಗೆ ಮಾತ್ರ ಆದರೆ ರೋಗವು ಮರುತಿಂಗಳೇ ಮರಳುವುದು. ಇಬ್ಬರಿಗೂ ಒಮ್ಮೆಗೇ ಮದ್ದು ಎಂಬುದು ಈ ವೈದ್ಯದ ಮೊದಲ ಸೂತ್ರವು. ಪಾಪಪುಣ್ಯಗಳ ಲೆಕ್ಕವನ್ನು ಅಲ್ಲಿ ಬಿಡಿಸಿ ಬರೆಯಲಾಗುವುದಿಲ್ಲ.

ಇನ್ನು, ಮದ್ದೇನು ದುರ್ಲಭವೂ ಅಲ್ಲ. ಮೊದಲಿಗೇ ಗುರುತಿಸಿದ ಸಿಫಿಲಿಸ್ಸಿಗೆ ಪೆನಿಸಿಲಿನ್ನಿನ ಒಂದು ದೊಡ್ಡ ಪ್ರಮಾಣದ ಚುಚ್ಚುಮದ್ದು ಸಾಕು. ಎಂಬತ್ತು ವರ್ಷಗಳ ಹಿಂದೆ ಕಂಡುಹಿಡಿದ ಆ ಉಪಾಯವು ಇಂದಿಗೂ ಸೋತಿಲ್ಲ. ಗೊನೋರಿಯಾ, ಕ್ಲಮೀಡಿಯಗಳು ತಕ್ಕ ಔಷಧವನ್ನು ಪೂರ್ತಿಯಾಗಿ ತೆಗೆದುಕೊಂಡರೆ ಗುಣವಾಗುವುವು. ಎಚ್‌ಐವಿಯನ್ನು ಬೇರುಸಹಿತ ಕೀಳಲಾಗದು. ಆದರೆ ನಿತ್ಯವೂ ತಪ್ಪದೆ ಔಷಧ ತೆಗೆದುಕೊಳ್ಳುವವನು ದೀರ್ಘಾಯುವಾಗಿ ಬಾಳಬಲ್ಲನು, ಮತ್ತು ಅವನ ರಕ್ತದಲ್ಲಿ ವೈರಾಣುವು ಪರೀಕ್ಷೆಗೂ ಸಿಕ್ಕದಷ್ಟು ಕಡಮೆಯಾಗಿ ನಿಂತ ಮೇಲೆ ಸಂಭೋಗದಿಂದ ಅದು ಇನ್ನೊಬ್ಬರಿಗೆ ಹರಡದು. ಇದೆಲ್ಲವೂ ಸರಕಾರದ ಆಸ್ಪತ್ರೆಗಳಲ್ಲಿ ಕಾಸಿಲ್ಲದೆ ದೊರೆಯುವುದು. ಹೀಗಿದ್ದೂ ಜನ ಬಳಲುತ್ತಿರುವುದಕ್ಕೆ ಔಷಧದ ಕೊರತೆಗಿಂತ ಮಾತಿನ ಕೊರತೆಯೇ ಹೆಚ್ಚಿನ ಕಾರಣವೆಂದು ನನ್ನ ಮತ.

ಮಾತು ಬೇಡವೆನ್ನುವವರ ಪಕ್ಷವನ್ನು ಈಗ ನ್ಯಾಯವಾಗಿ ಕೇಳಬೇಕು. ತಿಳಿಸಿದರೆ ಕೆರಳಿಸಿದಂತಾಗುವುದೆಂಬುದು ಅವರ ಭಯ. ಭಯವು ಹೊಸದಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ರಘುನಾಥ ಧೋಂಡೋ ಕರ್ವೆಯವರು 1927ರಿಂದ ‘ಸಮಾಜಸ್ವಾಸ್ಥ್ಯ’ವೆಂಬ ಮಾಸಪತ್ರಿಕೆಯಲ್ಲಿ ಈ ವಿಷಯಗಳನ್ನೇ ಶಾಸ್ತ್ರೀಯವಾಗಿ ಬರೆಯುತ್ತ ಬಂದುದಕ್ಕಾಗಿ ಅಶ್ಲೀಲದ ಆರೋಪವನ್ನು ಹೊತ್ತು ನ್ಯಾಯಾಲಯದ ಕಟ್ಟೆಯನ್ನೇರಬೇಕಾಯಿತು. 1934ರ ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಡಾಕ್ಟರ್ ಅಂಬೇಡ್ಕರರು. ಆದರೂ ಕರ್ವೆಯವರು ಸೋತರು. ಅದೇ ವರ್ಷ ಅಮೆರಿಕೆಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ಆರೋಗ್ಯಾಧಿಕಾರಿಯಾಗಿದ್ದ ಥಾಮಸ್ ಪ್ಯಾರನ್ನರು ರೇಡಿಯೋದಲ್ಲಿ ಮಾತನಾಡಬೇಕಾಗಿದ್ದಾಗ ಸಿಫಿಲಿಸ್ ಎಂಬ ಶಬ್ದವನ್ನು ಉಚ್ಚರಿಸಕೂಡದೆಂದು ರೇಡಿಯೋದವರು ಹೇಳಲು, ಅವರು ಭಾಷಣವನ್ನೇ ಮಾಡದೆ ಬಿಟ್ಟರು. ಆ ಮಾತಿಗೆ ಇಂದಿಗೆ ತೊಂಬತ್ತು ವರ್ಷಗಳು ಸಂದುವು. ಆದರೆ 2007ರಲ್ಲಿ ನಮ್ಮ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು, ಏಡ್ಸ್ ತಡೆಯುವುದಕ್ಕಾಗಿ ಕೇಂದ್ರ ಸರಕಾರವು ಪ್ರೌಢಶಾಲೆಗಳಿಗೆಂದು ಏರ್ಪಡಿಸಿದ್ದ ಹದಿಹರೆಯದ ಶಿಕ್ಷಣವನ್ನು, ನಮ್ಮ ಸಂಸ್ಕೃತಿಗೆ ಒಗ್ಗದೆಂಬ ಆಕ್ಷೇಪಣೆಯ ಮೇಲೆ ತಡೆದುವು. ಎರಡು ವರ್ಷಗಳ ಬಳಿಕ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಅದೇ ಧೋರಣೆಯ ವರದಿಯನ್ನು ಕೊಟ್ಟಿತು. ಆ ಪಾಠಗಳ ಚಿತ್ರಗಳಲ್ಲಿಯೂ ಮಾತುಗಳಲ್ಲಿಯೂ ಒರಟುತನವಿದ್ದಿರಬಹುದು, ತಿದ್ದಬಹುದಾಗಿತ್ತು. ಅಡುಗೆಗೆ ಉಪ್ಪು ಹೆಚ್ಚಾಯಿತೆಂದು ಒಲೆಯನ್ನೇ ಆರಿಸಿದರೆ ಮನೆಯವರು ಹಸಿದಿರಬೇಕಷ್ಟೆ.

ಭಯವು ನಿಜವೇ ಎಂದು ಪರೀಕ್ಷಿಸಿ ನೋಡಿದವರೂ ಇರುವರು. ನಾನಾ ದೇಶಗಳ ಶಾಲೆಗಳಲ್ಲಿ ನಡೆದ ಇಂಥ ಬೋಧನೆಯ ಫಲಗಳನ್ನು ಯುನೆಸ್ಕೋ ಸಂಸ್ಥೆಯು 2009ರಲ್ಲಿಯೂ 2018ರಲ್ಲಿಯೂ ಒಟ್ಟುಗೂಡಿಸಿ ತೂಗಿತು. ತಿಳಿಸಿದುದರಿಂದ ಎಳೆಯರು ಬೇಗನೆ ದಾರಿ ತಪ್ಪಿದರೆಂಬುದಕ್ಕೆ ಆಧಾರವು ದೊರೆಯಲಿಲ್ಲ. ಎಷ್ಟೋ ಕಡೆ ತಡವಾಗಿ, ಎಚ್ಚರಿಕೆಯಿಂದ ನಡೆದರೆಂದೇ ಕಂಡುಬಂದಿತು. ಹಗಲು ಕಂಡ ಬಾವಿಗೆ ಇರುಳು ಬಿದ್ದಂತೆ ಎಂದು ನಮ್ಮಲ್ಲೊಂದು ಗಾದೆಯಿದೆ. ಕಂಡೂ ಕಂಡು ಬಿದ್ದವನನ್ನು ಹಳಿಯುವ ಗಾದೆ ಅದು. ಆದರೆ ಹಗಲಿನಲ್ಲಿ ಬಾವಿಯನ್ನು ತೋರಿಸದೆ, ಬಾವಿಯೆಂಬ ಶಬ್ದವನ್ನೇ ಆಡದೆ, ಕತ್ತಲಲ್ಲಿ ಆ ಹಾದಿಯಲ್ಲೇ ಕಳುಹಿಸಲ್ಪಟ್ಟವನು ಬಿದ್ದರೆ ಗಾದೆಯು ಯಾರನ್ನು ಹಳಿಯಬೇಕು? ಅರಿವನ್ನು ಕೊಡದವನಿಗೆ ಹೊಣೆಯನ್ನು ಹೊರಿಸುವ ಅಧಿಕಾರವಿಲ್ಲವೆಂದು ನಾನು ಹೇಳುವೆನು. ವ್ಯವಹಾರದಲ್ಲಿ ಇದನ್ನು ನಾವೆಲ್ಲರೂ ಒಪ್ಪುವೆವು. ಹೊಲದ ಪತ್ರದಲ್ಲಿ ಸಾಲದ ಬಾಧ್ಯತೆಯನ್ನು ಮುಚ್ಚಿಟ್ಟು ಮಾರಿದವನನ್ನು ಮೋಸಗಾರನೆನ್ನುವೆವು. ಬದುಕಿನ ಪತ್ರವನ್ನು ಮಕ್ಕಳ ಕೈಗೆ ಕೊಡುವಾಗ ಮಾತ್ರ ಅದೇ ಮುಚ್ಚುಮರೆಯು ಮರ್ಯಾದೆಯೆನಿಸುವುದು.

ಹಾಗಾದರೆ ಮರೆಯೆಂಬುದೇ ಬೇಡವೇ? ಲಜ್ಜೆಯೆಂಬುದು ಬರಿಯ ಮೂಢತನವೇ? ಹಾಗೆನ್ನುವ ನವೀನರ ಪಕ್ಷಕ್ಕೂ ನಾನು ಸೇರಿದವನಲ್ಲ. ಗುಹ್ಯವಾಗಿರಬೇಕಾದುದು ಒಂದುಂಟು, ಅದು ರೋಗಿಯ ಹೆಸರು. ನಮ್ಮಲ್ಲಿ ನಡೆದಿರುವುದು ತಲೆಕೆಳಗಾದ ವ್ಯವಹಾರ: ಎಲ್ಲರಿಗೂ ಗೊತ್ತಾಗಬೇಕಾದ ರೋಗದ ವಿಚಾರವನ್ನು ಕಟ್ಟಿಟ್ಟು, ಯಾರಿಗೂ ಗೊತ್ತಾಗಬಾರದ ರೋಗಿಯ ಹೆಸರನ್ನು ಬಯಲಿಗೆ ಬಿಟ್ಟಿರುವೆವು. ಹೊರರೋಗಿಗಳ ಸಾಲಿನಲ್ಲಿ ಇಪ್ಪತ್ತು ಜನರ ನಡುವೆ ನಿಂತ ಹುಡುಗನನ್ನು “ಏನೋ ತಮ್ಮಾ, ಎಷ್ಟು ದಿನಾತು ಇದು?” ಎಂದು ಗಟ್ಟಿಯಾಗಿ ಕೇಳಿದ ಒಂದು ಪ್ರಶ್ನೆಯಿಂದ ಅವನು ಮತ್ತೆಂದೂ ಆ ಬಾಗಿಲನ್ನು ತುಳಿಯದಂತಾಗುವನು. ಎಚ್‌ಐವಿ ಸೋಂಕಿತರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು 2017ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿತು. 2018ರ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂದಿತು. ಕಾಯಿದೆ ಮಾಡಬೇಕಾಗಿ ಬಂತೆಂದರೆ ನಮ್ಮ ನಾಲಗೆಗಳ ಸ್ಥಿತಿಯೇನೆಂಬುದು ಸ್ಪಷ್ಟವಷ್ಟೆ.

ವಿಚಾರವನ್ನು ಬಚ್ಚಿಟ್ಟು ವ್ಯಕ್ತಿಯನ್ನು ಬಯಲಿಗೆಳೆಯುವ ಪದ್ಧತಿಯು ಫಲಿಸದೆಂಬುದಕ್ಕೆ ಚರಿತ್ರೆಯ ಸಾಕ್ಷಿಯಿದೆ. ಲಿಂಗಸುಗೂರು ಹಿಂದೆ ಛಾವಣಿಯ ಊರು. ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ದಂಡೊಂದು ಅಲ್ಲಿತ್ತು. 1905ರವರೆಗೆ ಅದು ಜಿಲ್ಲೆಯ ಕೇಂದ್ರವೂ ಆಗಿತ್ತು. ಛಾವಣಿಗಳ ಕಾಲದಲ್ಲಿ ಬ್ರಿಟಿಷರು ತಮ್ಮ ಸಿಪಾಯಿಗಳನ್ನು ಈ ರೋಗಗಳಿಂದ ರಕ್ಷಿಸಬೇಕೆಂದು 1868ರಲ್ಲಿ ತಮ್ಮ ಆಳಿಕೆಯ ಪ್ರಾಂತಗಳಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನೊಂದನ್ನು ತಂದರು. ದಂಡಿನ ಸುತ್ತಣ ವೇಶ್ಯೆಯರ ಹೆಸರುಗಳನ್ನು ಪಟ್ಟಿಮಾಡಿ, ಬಲವಂತವಾಗಿ ದೇಹಪರೀಕ್ಷೆ ಮಾಡಿ, ಸೋಂಕಿದ್ದವರನ್ನು ಲಾಕ್ ಹಾಸ್ಪಿಟಲ್ ಎಂಬ ಆಸ್ಪತ್ರೆಗಳಲ್ಲಿ ಕೂಡಿಹಾಕುತ್ತಿದ್ದರು. ಆ ಕಾನೂನು ಸಿಪಾಯಿಯನ್ನು ಮುಟ್ಟಲಿಲ್ಲ. ಫಲವೇನಾಯಿತು? ಹೆಂಗಸರು ಪಟ್ಟಿಗೆ ಸಿಕ್ಕದಂತೆ ಅಡಗಿದರು. ರೋಗವು ಅವರೊಂದಿಗೆ ಅಡಗಿತು. ಸಿಪಾಯಿಗಳಲ್ಲಿ ರೋಗವು ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಇಂಗ್ಲೆಂಡಿನಲ್ಲಿಯೇ ಜೋಸಫೀನ್ ಬಟ್ಲರ್ ಮೊದಲಾದ ಸ್ತ್ರೀಯರು ಇಂಥ ಕಾನೂನುಗಳ ವಿರುದ್ಧ ಹೋರಾಡಿದರು. 1888ರಲ್ಲಿ ಇಲ್ಲಿಯ ಕಾನೂನೂ ರದ್ದಾಯಿತು. ಹಿಡಿದು ನಾಚಿಸಿ ಗುಣಪಡಿಸುವೆನೆಂಬ ವೈದ್ಯನಿಂದ ರೋಗಿಯು ಓಡಿಹೋಗುವನೆಂಬುದನ್ನು ಒಂದು ಸಾಮ್ರಾಜ್ಯವು ಇಪ್ಪತ್ತು ವರ್ಷ ವ್ಯಯಮಾಡಿ ಕಲಿಯಿತು.

ಆದರೆ ರೋಗಿಯ ಗುಟ್ಟನ್ನು ಕಾಯಬೇಕೆಂಬ ಈ ತತ್ತ್ವವು ಎಳೆಯರ ವಿಷಯದಲ್ಲಿ ಬಂದಾಗ ಒಂದು ಕಠಿನವಾದ ತಿರುವಿಗೆ ಬಂದು ನಿಲ್ಲುವುದು. ಇದನ್ನು ಲಘುವಾಗಿ ದಾಟುವಂತಿಲ್ಲ. 2012ರ ಪೋಕ್ಸೊ ಕಾಯಿದೆಯಂತೆ ಹದಿನೆಂಟು ತುಂಬದವರೊಡನೆ ಲೈಂಗಿಕ ಸಂಪರ್ಕವು ಅವರು ಒಪ್ಪಿದರೂ ಅಪರಾಧವೇ. ಅದು ತನ್ನ ಅರಿವಿಗೆ ಬಂದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆಯುಂಟು. ವೈದ್ಯನೂ ಇದಕ್ಕೆ ಹೊರತಲ್ಲ. ಹದಿನಾರರ ಹುಡುಗಿ ಬಿಳಿಸೆರಗಿನ ಬಾಧೆಯೆಂದು ಬಂದು, ಕೇಳಿದುದಕ್ಕೆ ನಿಜವನ್ನು ಹೇಳಿದರೆ, ವೈದ್ಯನು ಒಂದು ಕೈಯಿಂದ ಔಷಧವನ್ನೂ ಇನ್ನೊಂದು ಕೈಯಿಂದ ದೂರನ್ನೂ ಬರೆಯಬೇಕು. ಈ ಸಂಗತಿಯು ಒಮ್ಮೆ ಊರಲ್ಲಿ ಹಬ್ಬಿತೆಂದರೆ ಎರಡನೆಯ ಹುಡುಗಿ ಬರುವಳೇ?

ಕಾಯಿದೆಯನ್ನು ಸುಮ್ಮನೆ ಹಳಿದುಬಿಡುವುದು ಸುಲಭ; ನಾನದನ್ನು ಮಾಡಲಾರೆನು. ಹದಿಮೂರರ ಮಗುವಿಗೆ ಗೊನೋರಿಯಾ ಕಂಡುಬಂದರೆ ಅದು ರೋಗ ಮಾತ್ರವಲ್ಲ, ಅಪರಾಧದ ಸಾಕ್ಷಿ. ಆ ಅಪರಾಧಿಯು ಬಹುಶಃ ಮನೆಗೆ ಬಂದುಹೋಗುವ ಪರಿಚಿತನೇ ಆಗಿರುವನು. ಮುತ್ತು ಕಟ್ಟುವ ಪದ್ಧತಿಯನ್ನು ನಮ್ಮ ರಾಜ್ಯವು 1982ರ ಕಾನೂನಿನಿಂದ ನಿಷೇಧಿಸಿತಾದರೂ ಅದರ ನೆರಳು ನಮ್ಮ ಸೀಮೆಯಿಂದ ಪೂರ್ತಿಯಾಗಿ ಸರಿದಿದೆಯೆಂದು ಎದೆಮುಟ್ಟಿ ಹೇಳುವವರಾರು? ಇಂಥಲ್ಲಿ ಮನೆತನದ ಮರ್ಯಾದೆಯೆಂದು ಮುಚ್ಚಿಡುವುದು ಮಗುವಿನ ಗುಟ್ಟನ್ನಲ್ಲ, ಕೆಡಿಸಿದವನ ಗುಟ್ಟನ್ನು. ಗುಟ್ಟು ಯಾರನ್ನು ಕಾಯುತ್ತಿದೆಯೆಂದು ಮೊದಲು ಕೇಳಿಕೊಳ್ಳಬೇಕು. ರೋಗಿಯನ್ನು ಕಾಯುವ ಗುಟ್ಟು ಪವಿತ್ರವಾದುದು. ಅಪರಾಧಿಯನ್ನು ಕಾಯುವ ಗುಟ್ಟು ಅಪರಾಧದ ಪಾಲುದಾರನೇ ಸರಿ.

ತೊಡಕೆಲ್ಲವೂ ಇರುವುದು ನಡುವಣ ಪ್ರಾಂತದಲ್ಲಿ. ಹದಿನಾರು ದಾಟಿ ಹದಿನೆಂಟು ಮುಟ್ಟದ ಇಬ್ಬರು ಸಮವಯಸ್ಕರು ತಾವಾಗಿ ಕೂಡಿದ ಸಂದರ್ಭದಲ್ಲಿ. 2022ರ ನವೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಇಂಥದೊಂದು ಮೊಕದ್ದಮೆಯನ್ನು ಕೇಳಿ, ವಯಸ್ಸಿನ ಈ ಮಿತಿಯನ್ನು ಕಾನೂನು ಆಯೋಗವು ಪುನಃ ಆಲೋಚಿಸಬೇಕೆಂದಿತು. ಮರುವರ್ಷ ಆಯೋಗವು ಮಿತಿಯನ್ನು ಇಳಿಸುವುದು ಬೇಡ, ಆದರೆ ಶಿಕ್ಷೆಯನ್ನು ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆಯಿರಲಿ ಎಂದು ವರದಿ ಮಾಡಿತು. ಆಯೋಗದ ಮಾತಿನಲ್ಲಿ ಅರ್ಥವಿದೆ. ಮಿತಿಯನ್ನು ಇಳಿಸಿದರೆ ಹದಿನಾರರ ಮದುವೆಗೆ ಮತ್ತೆ ನೆಪವು ದೊರೆಯುವ ನಮ್ಮಂಥ ಸೀಮೆಗಳನ್ನು ಮರೆಯಲಾಗದು. ಆದರೆ ನ್ಯಾಯಾಧೀಶನ ವಿವೇಚನೆಯು ಬರುವುದು ಹುಡುಗನು ಠಾಣೆ ಕಂಡು, ಹುಡುಗಿಯ ಹೆಸರು ಕೇರಿಯಲ್ಲಿ ಹರಡಿ, ಇಬ್ಬರ ಓದೂ ನಿಂತ ಮೇಲೆ. ಇದಕ್ಕಿಂತ ಸೂಕ್ಷ್ಮವಾದ ದಾರಿಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರಿನಲ್ಲಿ ತೋರಿಸಿತು. ಗರ್ಭಪಾತವನ್ನು ಬೇಡಿ ಬಂದ ಅಪ್ರಾಪ್ತ ಹುಡುಗಿಯ ವಿಷಯದಲ್ಲಿ, ಅವಳೂ ಅವಳ ಪಾಲಕರೂ ಕೋರಿದರೆ, ವೈದ್ಯನು ಪೊಲೀಸರಿಗೆ ಕೊಡುವ ತಿಳಿವಳಿಕ ಪತ್ರದಲ್ಲಿ ಅವಳ ಹೆಸರನ್ನೂ ಗುರುತನ್ನೂ ಬರೆಯಬೇಕಾದುದಿಲ್ಲವೆಂದು ಹೇಳಿತು. ವೈದ್ಯನ ಬಾಗಿಲಿಗೆ ಹೋಗಲು ಹೆದರಿದವರು ಅನರ್ಹರ ಕೈಗೆ ಬಿದ್ದು ಸಾಯುವರೆಂಬುದೇ ಆ ತೀರ್ಪಿನ ಒಳಗಿನ ಕಾಳಜಿ. ಅದೇ ಕಾಳಜಿಯು ಸೋಂಕಿನ ಚಿಕಿತ್ಸೆಗೆ ಬಂದವರಿಗೂ ಏಕೆ ಸಲ್ಲಬಾರದು? ಬಲಾತ್ಕಾರದ ಅಥವಾ ವಯಸ್ಸಿನ ದೊಡ್ಡ ಅಂತರದ ಸಂಶಯವಿದ್ದಲ್ಲಿ ವೈದ್ಯನು ತಡಮಾಡದೆ ಎಲ್ಲವನ್ನೂ ತಿಳಿಸಲಿ. ಉಳಿದೆಡೆ ಹೆಸರನ್ನಾದರೂ ಕಾಯುವ ಅವಕಾಶವು ಅವನಿಗಿರಲಿ. ಈ ಸೂಚನೆಯಲ್ಲಿ ಅಪಾಯವಿಲ್ಲವೆನ್ನಲಾರೆನು. ಎರಡು ಅಪಾಯಗಳಲ್ಲಿ ಚಿಕ್ಕದನ್ನು ಆರಿಸುತ್ತಿರುವೆನಷ್ಟೆ.

ಇನ್ನು ಹೇಳುವವರಾರು, ಹೇಗೆ ಹೇಳಬೇಕು? ಕನ್ನಡದಲ್ಲಿ ಇದಕ್ಕೆ ಮಾತಿಲ್ಲವೆಂಬ ನೆಪವು ಸಲ್ಲದು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರು ‘ಕೇಳು ಕಿಶೋರಿ’ಯನ್ನು ಬರೆದು, ಹರೆಯಕ್ಕೆ ಕಾಲಿಡುವ ಹುಡುಗಿಯರೊಡನೆ ಅಕ್ಕನಂತೆ ಮಾತನಾಡಬಹುದೆಂದು ತೋರಿಸಿಕೊಟ್ಟರು, ನಾಚಿಕೆಗೇಡಾಗದೆ, ನಾಚಿಕೆಗೆ ಬಲಿಯಾಗದೆ. ಮಸ್ಕಿಯಲ್ಲಿಯೂ ನೆನೆಯತಕ್ಕ ಒಂದು ವಸ್ತುವಿದೆ. 1915ರಲ್ಲಿ ಚಿನ್ನವನ್ನು ಹುಡುಕಲು ಬಂದ ಬೀಡನ್ ಎಂಬ ಎಂಜಿನಿಯರನು ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡನು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಆ ಶಾಸನದಿಂದ ಸ್ಥಿರವಾಯಿತೆಂದು ನಾವೆಲ್ಲರೂ ಹೆಮ್ಮೆಪಡುವೆವು. ಅದರ ಒಳಗಿನ ಮಾತನ್ನು ಓದುವವರು ಕಡಮೆ. ಧರ್ಮದ ಹಾದಿಯು ದೊಡ್ಡವರಿಗೆ ಮಾತ್ರವೆಂದು ತಿಳಿಯಕೂಡದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳತಕ್ಕುದು ಎಂಬ ಅಭಿಪ್ರಾಯವು ಅಲ್ಲಿದೆ. ಸಣ್ಣವರೆಂದರೆ ಅಲ್ಲಿ ಸ್ಥಾನದಲ್ಲಿ ಸಣ್ಣವರು, ವಯಸ್ಸಿನಲ್ಲಲ್ಲ; ಅದನ್ನು ಬಲ್ಲೆನು. ಆದರೂ ಒಳ್ಳೆಯದನ್ನು ಕೆಲವರ ಸೊತ್ತಾಗಿ ಬಚ್ಚಿಡದೆ ದಾರಿಯ ಬದಿಯ ಬಂಡೆಯ ಮೇಲೆ, ಜನರಾಡುವ ಮಾತಿನಲ್ಲಿ ಕೊರೆಯಿಸಿದ ಆ ರಾಜನ ಬುದ್ಧಿಯು ನಮ್ಮ ಮೂತ್ರಾಲಯದ ಗೋಡೆಗೆ ಒಳ್ಳೆಯ ಪ್ರತ್ಯುತ್ತರವಾಗಿದೆ.

ಹೇಳುವಾಗ ಸಂಯಮವನ್ನೂ ಹೇಳಬೇಕು, ರಕ್ಷಣೆಯನ್ನೂ ಹೇಳಬೇಕು. ಒಂದನ್ನು ಹೇಳಿದರೆ ಇನ್ನೊಂದು ಕೆಡುವುದೆಂಬುದು ಬರಿಯ ಭ್ರಾಂತಿ. ನಮ್ಮ ಸರಕಾರವು 1968ರಲ್ಲಿ ರಬ್ಬರಿನ ಆ ಸಣ್ಣ ಸಾಧನಕ್ಕೆ ನಿರೋಧ್ ಎಂದು ಹೆಸರಿಟ್ಟಾಗ ಗೊತ್ತಿದ್ದೋ ಗೊತ್ತಿಲ್ಲದೆಯೋ ಯೋಗಶಾಸ್ತ್ರದ ಶಬ್ದವನ್ನೇ ಎತ್ತಿಕೊಂಡಿತು. ಚಿತ್ತದ ವೃತ್ತಿಗಳನ್ನು ತಡೆಯುವುದಕ್ಕೂ ಅಲ್ಲಿ ನಿರೋಧವೆಂದೇ ಹೆಸರು. ಮೊದಲನೆಯ ನಿರೋಧವು ಸಾಧ್ಯವಾದವನಿಗೆ ಎರಡನೆಯದು ಬೇಡ. ಸಾಧ್ಯವಾಗದೆ ಹೋದವನು ಎರಡನೆಯದನ್ನು ಅರಿಯದಿದ್ದರೆ ಅದರಿಂದ ಮೊದಲನೆಯದಕ್ಕೆ ಕಿಂಚಿತ್ತೂ ಗೌರವ ಹೆಚ್ಚಿದಂತಾಗುವುದಿಲ್ಲ.

2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗಾಗಿ ಸರಕಾರಿ ಆಸ್ಪತ್ರೆಗಳಲ್ಲಿ ಪ್ರತ್ಯೇಕವಾದ ಸಲಹಾಕೇಂದ್ರಗಳನ್ನು ಏರ್ಪಡಿಸಿದರು. ನಮ್ಮ ರಾಜ್ಯದಲ್ಲಿ ಅವುಗಳಿಗೆ ಸ್ನೇಹಾ ಕ್ಲಿನಿಕ್ ಎಂದು ಹೆಸರು. ಈ ರೋಗಗಳ ಚಿಕಿತ್ಸೆಗೆಂದೇ ಇರುವವು ಸುರಕ್ಷಾ ಕ್ಲಿನಿಕ್ಕುಗಳು. ಅಲ್ಲಿ ಕೊಡುವ ಔಷಧಗಳನ್ನು ಲಕ್ಷಣಗಳಿಗನುಸಾರವಾಗಿ ಏಳು ಬಣ್ಣದ ಪೊಟ್ಟಣಗಳಲ್ಲಿ ಕಟ್ಟಿಟ್ಟಿರುವರು: ಕೀವಿಗೆ ಬೂದುಬಣ್ಣದ್ದು, ಹುಣ್ಣಿಗೆ ಬಿಳಿಯದು, ನೀರುಗುಳ್ಳೆಯ ಹುಣ್ಣಿಗೆ ಕೆಂಪು, ಹೀಗೆ. ಪ್ರಯೋಗಾಲಯದ ಫಲಿತಾಂಶಕ್ಕಾಗಿ ಕಾಯದೆ ಅಂದೇ ಪೂರ್ತಿ ಮದ್ದನ್ನು ಕೊಡುವುದು ಇದರ ಉದ್ದೇಶ. ಬಣ್ಣವನ್ನು ಹೇಳಿದರಾಯಿತು, ರೋಗದ ಹೆಸರನ್ನು ಸಾಲಿನಲ್ಲಿ ನಿಂತವರು ಕೇಳುವಂತೆ ಕೂಗಬೇಕಾಗಿಲ್ಲವೆಂಬುದು ಅದರಿಂದಾದ ಇನ್ನೊಂದು ಉಪಕಾರ. ಕಾಯಬೇಕಾದ ಗುಟ್ಟನ್ನು ಕಾಯುವ ಬಗೆಯು ಹೀಗಿರುವುದು.

ಮನೆಗಳಲ್ಲಿ ಮಾತನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳುವ ತಾಯಿತಂದೆಗಳಿಗೆ ಕಾಲವೇ ಒಂದು ಸಂದರ್ಭವನ್ನು ಒದಗಿಸಿದೆ. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಮೂಲವಾದ ಎಚ್‌ಪಿವಿ ಎಂಬ ವೈರಾಣುವಿಗೆ ಲಸಿಕೆಯಿದೆ. ಆ ಮೂಲವನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂದಿತು. ಆಸ್ಟ್ರೇಲಿಯವು 2007ರಿಂದಲೇ ತನ್ನ ಹುಡುಗಿಯರಿಗೆಲ್ಲ ಈ ಲಸಿಕೆಯನ್ನು ಹಾಕಿಸುತ್ತ ಬಂದಿದೆ. ಪುಣೆಯಲ್ಲಿ ತಯಾರಾದ ಸ್ವದೇಶಿ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಸೋಂಕು ತಗಲುವ ಸಂಭವವೇ ಬರುವುದಕ್ಕೆ ಮುಂಚೆ, ಒಂಬತ್ತರಿಂದ ಹದಿನಾಲ್ಕರ ವಯಸ್ಸಿನೊಳಗೆ ಇದನ್ನು ಹಾಕಿಸುವುದು ಉತ್ತಮ. ಚುಚ್ಚಿಸಿಕೊಂಡು ಬಂದ ಹನ್ನೆರಡರ ಮಗಳು ತೋಳನ್ನು ಒತ್ತಿಕೊಳ್ಳುತ್ತ “ಅವ್ವಾ, ಇದು ಯಾವ ಜಡ್ಡಿಗೆ ಹಾಕಿದ್ದು? ಅದು ಹ್ಯಾಂಗ ಬರ್ತದ?” ಎಂದು ಕೇಳಿಯೇ ಕೇಳುವಳು. ಕ್ಯಾನ್ಸರಿಗೆಂದು ಹೇಳಿ ಅಷ್ಟಕ್ಕೇ ನಿಲ್ಲಿಸಬಹುದು. ಅದು ಸುಳ್ಳೂ ಅಲ್ಲ. ಎರಡನೆಯ ಪ್ರಶ್ನೆಗೆ ಉತ್ತರವು ಮಾತ್ರ ಉಳಿದೇ ಇರುವುದು. ಅಂದಿಗೆ ಅವಳ ವಯಸ್ಸಿಗೆ ತಕ್ಕಷ್ಟು, ನಾಲ್ಕು ವರ್ಷ ಕಳೆದ ಮೇಲೆ ಪೂರ್ತಿಯಾಗಿ ಅದನ್ನು ಹೇಳಬೇಕು. ಮಗಳಿಗೆ ಅವ್ವನೂ, ಅದೇ ವಯಸ್ಸಿನ ಮಗನಿಗೆ ಅಪ್ಪನೂ.